ರೊಟ್ಟಿ ತವೆಯ ಸ್ಯಾಂಡ್‌ವಿಚ್ಚು, ಡ್ರೈವರ್ ಸಾಹೇಬರ ಒಲೆ

ಆ ಒಂದು ಸ್ಯಾಂಡ್‌ವಿಚ್ಚಿಗೆ ನನಗೆ ಬಿದ್ದ ಖರ್ಚನ್ನು ಮೊದಲೇ ಹೇಳಿಬಿಡುತ್ತೇನೆ. ಮೊಟ್ಟೆಯಿಡುತ್ತಿದ್ದ ಕೋಳಿ ಒಂದು, ಬಾಗಿಲ ಮುಂದೆ ಹಾಕಲೆಂದು ತರಿಸಿದ್ದ ಹೊಸ ಹಾಸುಗಲ್ಲು ಒಂದು, ಗಂಡನ ಲುಂಗಿ ಒಂದು. ಮಾಂಸಕ್ಕೆ ಕೊಟ್ಟದ್ದನ್ನು ನಾನು ಖರ್ಚೆಂದು ಹಿಡಿಯುವುದಿಲ್ಲ. ಅಷ್ಟು ಅಗ್ಗವಾಗಿ ಸಿಕ್ಕಿತ್ತು.

ಕೋಳಿ ಹೋದದ್ದು ಚೀಸಿಗೆ. ವಾಡಿಯ ಯಾವ ಅಂಗಡಿಯಲ್ಲೂ ಚೀಸ್ ಸಿಗುತ್ತಿರಲಿಲ್ಲ. ಮದ್ರಾಸಿನಿಂದ ಮುಂಬಯಿಗೆ ಹೋಗುವ ಮೇಲ್ ಗಾಡಿ ನಮ್ಮ ಜಂಕ್ಷನ್ನಿನಲ್ಲಿ ನೀರು ಕುಡಿಯಲು ನಿಂತಾಗ, ಅದರ ಊಟದ ಬೋಗಿಯ ಬಟ್ಲರನ ಹತ್ತಿರ ತಗಡಿನ ಡಬ್ಬಿಯಲ್ಲಿ ಸಿಗುತ್ತಿತ್ತು. ಆಗ ನಮ್ಮ ಕಡೆ ಇನ್ನೂ ಹೈದರಾಬಾದ್ ಸಂಸ್ಥಾನದ ಹಾಲಿ ರೂಪಾಯಿಯೂ ನಡೆಯುತ್ತಿತ್ತು, ಹೊರಗಿನ ಕಲ್ದಾರ್ ರೂಪಾಯಿಯೂ ನಡೆಯುತ್ತಿತ್ತು. ನನ್ನ ಸೆರಗಿನ ಗಂಟಿನಲ್ಲಿದ್ದದ್ದೆಲ್ಲ ಹಾಲಿ. ಬಟ್ಲರ್ ಅದನ್ನು ನೋಡಿ ಮುಖ ತಿರುಗಿಸಿದ.

“ಈ ರೊಕ್ಕ ಸೊಲ್ಲಾಪುರ ದಾಟಿದ್ರ ಯಾರೂ ಮೂಸಿ ನೋಡಂಗಿಲ್ಲ ಬಾಯಿ. ಕಲ್ದಾರ್ ಇದ್ರ ಕೊಡು.”

“ಕಲ್ದಾರ್ ಇಲ್ಲ. ಕೋಳಿ ಅದ. ಅದು ಸೊಲ್ಲಾಪುರದಾಗೂ ಕೋಳಿನೇ ಇರ್ತದ,” ಎಂದೆ.

ಅವನು ಕೋಳಿಯ ಎದೆಯನ್ನು ಒತ್ತಿ ನೋಡಿದ. ನಾನು ಡಬ್ಬಿಯ ತುಕ್ಕನ್ನು ಉಗುರಿನಿಂದ ಕೆರೆದು ನೋಡಿದೆ. ಗಾರ್ಡ್ ಸೀಟಿ ಊದಿದ್ದರಿಂದ ಇಬ್ಬರೂ ಒಪ್ಪಿದೆವು. ಗಾಡಿ ಬಿಡುವ ಹೊತ್ತಿನ ವ್ಯಾಪಾರ ಯಾವಾಗಲೂ ಪ್ಲಾಟ್‌ಫಾರ್ಮಿನ ಮೇಲೆ ಉಳಿಯುವವರಿಗೇ ಲಾಭ.

ಇಷ್ಟೆಲ್ಲ ಯಾಕೆ ಬೇಕಿತ್ತೆಂದರೆ, ಒಂದು ಒಲೆಗಾಗಿ.

ನಾನು ಚಿತ್ತಾಪುರದ ಬಳೆಗಾರರ ಮನೆಯ ಮಗಳು. ಬಳೆ ತೊಡಿಸುವವಳಿಗೆ ಯಾವ ಮನೆಯಲ್ಲೂ ಅಂಗಳದಲ್ಲಿ ನಿಲ್ಲುವ ಪ್ರಸಂಗ ಬರುವುದಿಲ್ಲ. ಶರಣರ ಮನೆಯಾದರೂ ಸರಿ, ಜಾಗೀರದಾರರ ಮನೆಯಾದರೂ ಸರಿ, ಕೈ ಹಿಡಿಯಬೇಕಾದವಳನ್ನು ಒಳಗೆ ಕರೆಯಲೇಬೇಕು. ಒಳಗೆ ಹೋದ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ಯಾರ ಮನೆಯಲ್ಲಿ ಏನು ಹೆಚ್ಚಾಗಿದೆ, ಯಾರ ಮನೆಯಲ್ಲಿ ಏನಿಲ್ಲ ಎಂಬುದು ನನಗೆ ಗೊತ್ತಾಗುತ್ತಿತ್ತು. ಮದುವೆಯಾಗಿ ವಾಡಿಗೆ ಬಂದಾಗ ಇಲ್ಲಿಯ ರೈಲ್ವೆ ಕ್ವಾರ್ಟರ್ಸುಗಳಲ್ಲಿ ಗೋರಾ ಡ್ರೈವರುಗಳೂ ಅರ್ಧ ಗೋರಾ ಡ್ರೈವರುಗಳೂ ಒಬ್ಬೊಬ್ಬರಾಗಿ ಸಾಮಾನು ಮಾರಿ ಊರು ಬಿಡುತ್ತಿದ್ದರು. ಅವರಿಗೆ ಪಿಂಗಾಣಿ ಬಟ್ಟಲು ಹೆಚ್ಚಾಗಿತ್ತು. ಸೇಡಂ ಕಡೆಯ ಗೌಡರ ಮನೆಗಳಲ್ಲಿ ತಹಸೀಲ್ದಾರರು ಬಂದರೆ ಚಹಾ ಕೊಡಲು ಪಿಂಗಾಣಿ ಬಟ್ಟಲು ಇರಲಿಲ್ಲ. ಮಧ್ಯದಲ್ಲಿ ನಾನು ನಿಂತೆ.

ಬುಟ್ಟಿ ಹೊತ್ತು ಚಿಂಚೋಳಿಯವರೆಗೆ, ಕುಂಚಾವರಂನ ಅಡವಿಯೊಳಗಿನ ಹಟ್ಟಿಗಳವರೆಗೆ ಹೋಗುತ್ತಿದ್ದೆ. ಅಲ್ಲಿಯವರು ತೆಲುಗಿನಲ್ಲಿ ಚೌಕಾಸಿ ಮಾಡುತ್ತಿದ್ದರು. ನನಗೆ ತೆಲುಗಿನಲ್ಲಿ ಅಂಕಿಗಳಷ್ಟೇ ಬರುತ್ತಿದ್ದವು. ಸಾಕಾಗುತ್ತಿತ್ತು. ಚೌಕಾಸಿಯಲ್ಲಿ ಉಳಿದ ಮಾತೆಲ್ಲ ಮುಖದಲ್ಲೇ ಇರುತ್ತದೆ.

ಆದರೆ ತಲೆಯ ಮೇಲಿನ ಬುಟ್ಟಿಗೂ ಒಂದು ವಯಸ್ಸಿರುತ್ತದೆ. ಕತ್ತು ನೋಯಲು ಶುರುವಾಗಿತ್ತು. ಹೊಟ್ಟೆಯಲ್ಲಿ ಕೂಸಿತ್ತು. ಕೂತಲ್ಲೇ ನಡೆಯುವ ವ್ಯಾಪಾರ ಬೇಕಿತ್ತು. ವಾಡಿಗೆ ಬ್ರೆಡ್ಡು ಸಿಕಂದರಾಬಾದಿನಿಂದ ಗಾಡಿಯಲ್ಲಿ ಬರುತ್ತಿತ್ತು. ಬರುವಷ್ಟರಲ್ಲಿ ಅದರಿಂದ ನಾಯಿ ಹೊಡೆಯಬಹುದಿತ್ತು. ಇಲ್ಲೇ ಬಿಸಿ ಬ್ರೆಡ್ಡು ಸುಟ್ಟರೆ ಕ್ವಾರ್ಟರ್ಸಿನವರು ಬಾಗಿಲಿಗೇ ಬರುತ್ತಾರೆ. ಅದಕ್ಕೆ ಬೇಕಾದದ್ದು ಒಲೆ. ಊರಿನಲ್ಲಿ ಅಂಥ ಒಲೆ ಇದ್ದದ್ದು ಒಂದೇ, ಒಬ್ಬ ಹಳೇ ಡ್ರೈವರ್ ಸಾಹೇಬರ ಮನೆಯಲ್ಲಿ. ಎರಕದ ಕಬ್ಬಿಣದ್ದು, ಹೊಟ್ಟೆಯಲ್ಲಿ ಬ್ರೆಡ್ಡಿಡುವ ಗೂಡಿದ್ದದ್ದು, ಎರಡು ಎತ್ತಿನಷ್ಟು ತೂಕದ್ದು.

ಸಾಹೇಬರ ಮೇಮ್ ಹಿಂದಿನ ವರ್ಷ ತೀರಿಕೊಂಡಿದ್ದರು. ಸಾಹೇಬರು ಬೆಂಗಳೂರಿನ ಮಗಳ ಮನೆಗೆ ಹೋಗುವವರಿದ್ದರು. ಕುರ್ಚಿ, ಮಂಚ, ಕನ್ನಡಿ ಎಲ್ಲ ನನಗೇ ಮಾರಿದರು. ಒಲೆಯ ಮಾತು ತೆಗೆದರೆ ಮಾತ್ರ ಪೈಪ್ ಬಾಯಿಗಿಡುತ್ತಿದ್ದರು. ವಾಡಿಯಲ್ಲಿ ತಲೆ ನೆರೆಸಿದವರು, ನಮ್ಮ ಮಾತನ್ನು ನಮಗಿಂತ ಜೋರಾಗಿ ಆಡುತ್ತಿದ್ದರು.

“ಅದು ಮಾರೋದಲ್ಲ ಬಳೀ ಬಾಯಿ. ನನ್ನ ಕೂಡ ಬೆಂಗಳೂರಿಗೆ ಬರ್ತದ.”

“ಅಲ್ಲಿ ಯಾರ ಹಚ್ತಾರ್ರಿ ಅದನ್ನ?”

“ಹಚ್ಚಲಿ, ಬಿಡಲಿ. ನಿಂಗ್ಯಾಕ? ನೀ ಅದರಾಗ ಏನ್ ಮಾಡ್ತಿ, ಬಳಿ ಬೇಯಸ್ತಿ?”

ನಾನು ಅವರ ಹತ್ತಿರವೇ ಕೊಂಡು, ಇನ್ನೂ ಮನೆಗೆ ಸಾಗಿಸದಿದ್ದ ಕುರ್ಚಿಯ ಮೇಲೆ ಕೂತೆ. ಮಾರಲು ಮನಸ್ಸಿಲ್ಲದವರ ಹತ್ತಿರ ಬೆಲೆ ಮಾತಾಡಬಾರದು. ಆ ಸಾಮಾನಿನ ಕಥೆ ಕೇಳಬೇಕು. ಕೇಳಿದೆ. ಪ್ರತಿ ಐತವಾರ ಚರ್ಚಿನಿಂದ ಬಂದ ಮೇಲೆ ಮೇಮ್ ಆ ಒಲೆಯ ಮೇಲೆ ಒಂದು ಸ್ಯಾಂಡ್‌ವಿಚ್ ಮಾಡುತ್ತಿದ್ದರಂತೆ. ಅಂಗೈ ಅಗಲದ, ಬೆರಳು ದಪ್ಪದ ಮಾಂಸದ ತುಂಡು; ಹೊರಗೆ ಕಂದು, ಒಳಗೆ ಕೆಂಪು. ಅದರ ಮೇಲೆ ಕರಗಿದ ಚೀಸ್. ಮೇಲೊಂದು ಕೆಳಗೊಂದು ಸುಟ್ಟ ಬ್ರೆಡ್ಡು. ಇದನ್ನು ಹೇಳುವಾಗ ಸಾಹೇಬರ ಪೈಪ್ ಆರಿಹೋಯಿತು.

“ಹಂತಾದ್ದು ಆ ಒಲಿ ಮ್ಯಾಲ ಮಾತ್ರ ಆಗ್ತದ,” ಎಂದರು. “ಅದಕ್ಕ ಅದನ್ನ ಬಿಡಂಗಿಲ್ಲ.”

ಇಲ್ಲಿ ನನಗೊಂದು ಸಂದು ಕಂಡಿತು. “ಸಾಬ್, ನಾ ನನ್ನ ಮನ್ಯಾಗ, ನನ್ನ ಒಲಿ ಮ್ಯಾಲ ಮಾಡಿ ಕೊಡ್ತೀನಿ. ಹಂಗೇ ಆಯ್ತಂದ್ರ, ರುಚಿ ಒಲಿದಲ್ಲ ಅಂತಾತು. ಆವಾಗ ಅದು ಬರೇ ಕಬ್ಣ. ನಂಗ ಮಾರ್ರಿ. ಹಂಗ ಆಗ್ಲಿಲ್ಲಂದ್ರ ನಾನೇ ಗೋಣಿ ಸುತ್ತಿ, ಹಮಾಲರ್ನ ಕರ್ಕೊಂಡು ಬಂದು ವ್ಯಾಗನ್ನಿಗೆ ಏರಸ್ತೀನಿ. ಕೂಲಿ ನಂದು.”

ಸಾಹೇಬರು ನಕ್ಕರು. ಸೋಲುವುದಿಲ್ಲ ಎಂದು ಖಾತ್ರಿಯಾದಾಗ ಮನುಷ್ಯ ಹಾಗೆ ನಗುತ್ತಾನೆ. “ಆಗ್ಲಿ,” ಎಂದರು.

ನಾನು ಚೀಸನ್ನು ಹ್ಯಾಗೆ ತಂದೆನೆಂದು ಆಗಲೇ ಹೇಳಿದ್ದೇನೆ. ಮಾಂಸಕ್ಕೆ ನಮ್ಮ ಓಣಿಯ ಕಸಾಯಿಯ ಹತ್ತಿರ ಹೋದೆ. ನಮ್ಮಲ್ಲಿ ಆಡು-ಕುರಿಯದಕ್ಕೆ ಸಣ್ಣದು, ಎಮ್ಮೆ-ಕೋಣದ್ದಕ್ಕೆ ದೊಡ್ಡದು ಎನ್ನುತ್ತಾರೆ. ಸಾಹೇಬರು ಹೇಳಿದಷ್ಟು ಅಗಲದ ತುಂಡು ದೊಡ್ಡದರಲ್ಲೇ ಬರಬೇಕು. ಎಳೇ ಕೋಣದ ಬೆನ್ನಿನ ಒಳಗೆ ಅಂಟಿಕೊಂಡಿರುವ ಉದ್ದನೆಯ ಮೆತ್ತಗಿನ ತುಂಡನ್ನು ತೋರಿಸಿ, ಇಡಿಯಾಗಿ ಕೊಡು ಎಂದೆ.

“ಎಲುಬಿಲ್ಲ, ಕೊಬ್ಬಿಲ್ಲ. ಸಾರಿಗೆ ರುಚಿ ಎಲ್ಲಿಂದ ಬರ್ಬೇಕು?” ಎಂದ ಕಸಾಯಿ.

“ಸಾರು ಮಾಡಂಗಿಲ್ಲಣ್ಣ.”

“ಮತ್ತೇನ್ ಮಾಡ್ತಿ?”

“ಹಲ್ಲಿಲ್ಲದವ್ರು ಬರ್ತಾರ ಮನೀಗಿ.”

ಅವನಿಗೆ ಕನಿಕರ ಬಂದು ಎರಡು ಎಲುಬನ್ನು ಮೇಲೆ ಹಾಕಿ, ಬೆಲೆ ಇಳಿಸಿ ಕೊಟ್ಟ. ಎಲ್ಲರೂ ಎಲುಬಿಗಾಗಿ ಜಗಳವಾಡುತ್ತಿದ್ದ ಊರಿನಲ್ಲಿ ಅತ್ಯುತ್ತಮ ತುಂಡು ಅತ್ಯಂತ ಅಗ್ಗವಾಗಿತ್ತು. ಎಲುಬನ್ನು ಅತ್ತೆ ಸಾರಿಗೆ ಹಾಕಿದರು.

ಈಗ ಕಲ್ಲಿನ ವಿಷಯ. ನನ್ನ ಗಂಡ ಶಹಾಬಾದಿನ ಸಿಮೆಂಟ್ ಫ್ಯಾಕ್ಟರಿಯಲ್ಲಿ ಭಟ್ಟಿಯ ಕೆಲಸಕ್ಕಿದ್ದರು. ದಿನಾ ಗಾಡಿಯಲ್ಲಿ ಹೋಗಿ ಬರುತ್ತಿದ್ದರು. ಅವರು ಒಮ್ಮೆ ಹೈದರಾಬಾದಿನಲ್ಲಿ ಯಾರದೋ ಮದುವೆಯಲ್ಲಿ ಕಾದ ಕಲ್ಲಿನ ಮೇಲೆ ಸುಟ್ಟ ಮಾಂಸ ತಿಂದು ಬಂದಿದ್ದರು. ಆ ಮದುವೆಯ ಹೆಣ್ಣು-ಗಂಡು ಯಾರೆಂಬುದು ಮರೆತಿತ್ತು, ಮಾಂಸ ಮರೆತಿರಲಿಲ್ಲ.

“ಗೋರಾ ಮಂದಿದೂ ಅದೇ ರೀತಿ ಇರ್ತದ,” ಎಂದರು. “ಕಲ್ಲು ಕಾಸು, ತುಂಡು ಒಗಿ, ಹೊಳ್ಳಿಸು. ಮುಗೀತು.”

ನಮ್ಮ ಕಡೆ ಕಲ್ಲು ಎಂದರೆ ಒಂದೇ ಕಲ್ಲು, ಶಹಾಬಾದಿನ ಸುಣ್ಣಕಲ್ಲು. ನೆಲಕ್ಕೆ ಅದೇ, ಮಾಳಿಗೆಗೆ ಅದೇ, ಕಟ್ಟೆಗೆ ಅದೇ, ಬಟ್ಟೆ ಒಗೆಯಲು ಅದೇ, ಹೊಲದ ಬೇಲಿಗೂ ಅದೇ. ಗಣಿಯಿಂದ ಹಪ್ಪಳದ ಹಾಗೆ ಪದರ ಪದರವಾಗಿ ಬರುತ್ತದೆ. ಬೇರೆ ಕಲ್ಲೂ ಲೋಕದಲ್ಲಿದೆ, ಹೈದರಾಬಾದಿನವರು ಕಾಸುವುದು ಕರೀ ಬಂಡೆಯ ತುಂಡನ್ನು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಬಾಗಿಲಿಗೆಂದು ತಂದ ನುಣ್ಣನೆಯ ಹೊಸ ಹಾಸುಗಲ್ಲನ್ನು ಹಿತ್ತಿಲಲ್ಲಿ ಮೂರು ಗುಂಡುಕಲ್ಲಿನ ಮೇಲಿಟ್ಟೆವು. ಕೆಳಗೆ ಜಾಲಿ ಕಟ್ಟಿಗೆ. ಕಲ್ಲು ಚೆನ್ನಾಗಿ ಕಾಯಿತು. ಮೊದಲ ತುಂಡು ಹಾಕಿದೆ; ಒಳ್ಳೆಯ ಸದ್ದು ಬಂತು. ಗಂಡ, “ಹೇಳಿದ್ನಿಲ್ಲ?” ಎಂದರು.

ಅಷ್ಟರಲ್ಲಿ ಕಲ್ಲು ಸಿಡಿಯಿತು. ಮಾಂಸ ಒಂದು ಕಡೆ, ಕಲ್ಲಿನ ಚಕ್ಕೆ ಇನ್ನೊಂದು ಕಡೆ, ಕೆಂಡ ಗಂಡನ ಲುಂಗಿಗೆ. ಅವರು ಕುಣಿದದ್ದನ್ನು ಪಕ್ಕದ ಮನೆಯವರು ಬಹಳ ದಿನ ನೆನೆಸಿಕೊಂಡರು. ಕಾಲಿಗೆ ಏನೂ ಆಗಲಿಲ್ಲ. ಲುಂಗಿಗೆ ಕಿಟಕಿ ಬಂತು.

ಅತ್ತೆ ಜೋಳ ಕೇರುವುದನ್ನು ಬಿಟ್ಟು ಎದ್ದು ಬಂದರು. ಚಕ್ಕೆಗಳನ್ನು ನೋಡಿದರು, ಮಗನನ್ನು ನೋಡಿದರು.

“ಏ, ನಿಂಗ ಫ್ಯಾಕ್ಟ್ರಿಯಾಗ ಪಗಾರ ಯಾತಕ್ ಕೊಡ್ತಾರ?”

“ಭಟ್ಟಿ ಉರಸ್ಲಿಕ್ಕ.”

“ಭಟ್ಟ್ಯಾಗ ಏನ್ ಹಾಕ್ತಾರ?”

ಗಂಡ ಲುಂಗಿಯ ತೂತಿಗೆ ಕೈ ಅಡ್ಡ ಹಿಡಿದು, “ಇದೇ ಕಲ್ಲು,” ಎಂದರು.

“ಅದು ಏನಾಗ್ತದ?”

“ಪುಡಿ ಆಗ್ತದ.”

“ದಿನಾ ಅದನ್ನ ಸುಟ್ಟು ಪುಡಿ ಮಾಡಿ ಬರಾಂವ, ಹೇಣ್ತಿಗಿ ಅದರ ಮ್ಯಾಲ ಅಡಗಿ ಮಾಡು ಅಂತಾನ,” ಎಂದು ಅತ್ತೆ ಗೋಡೆಗೆ ಹೇಳಿದರು. ನನ್ನ ಮೇಲೆ ಸಿಟ್ಟು ಬಂದಾಗ ನನಗೆ ಹೇಳುತ್ತಿದ್ದರು. ಇಬ್ಬರ ಮೇಲೂ ಬಂದಾಗ ಗೋಡೆಗೆ. ಈ ಸಲ ಗೋಡೆ ಎರಡು ದಿನ ಕೇಳಿಸಿಕೊಂಡಿತು.

ಆದರೆ ಅವರೇ ಮೂರನೆಯ ದಿನ ತಮ್ಮ ರೊಟ್ಟಿ ತವೆಯನ್ನು ತಂದು ನನ್ನ ಮುಂದಿಟ್ಟರು. ಅದು ಯಾರೂ ಮುಟ್ಟಬಾರದ ತವೆ. ವರ್ಷಗಟ್ಟಲೆ ಜೋಳದ ರೊಟ್ಟಿ ಬೇಯಿಸಿ ಕರ್ರಗಾಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಲೆ ಬಂದರೆ ಸೊಸೆ ಮನೆಯಲ್ಲೇ ಇರುತ್ತಾಳೆ, ಹುಟ್ಟಲಿರುವ ಮೊಮ್ಮಗುವನ್ನು ತಾನೊಬ್ಬಳೇ ಹೊತ್ತು ತಿರುಗಬೇಕಾಗಿಲ್ಲ ಎಂಬ ಲೆಕ್ಕ ಅವರದೂ ಇತ್ತು. ಅವರೂ ವ್ಯಾಪಾರಸ್ಥರೇ, ಅಂಗಡಿ ಮಾತ್ರ ಇರಲಿಲ್ಲ.

“ನೀರ್ ಹನಸು,” ಎಂದರು. “ಹನಿ ಕುಂತ್ರ ಕಾದಿಲ್ಲ. ಓಡ್ಯಾಡಿದ್ರ ಕಾದದ. ಮಾಂಸ ಹಾಕಿದ ಮ್ಯಾಲ ಒತ್ತಬ್ಯಾಡ, ಕೆದಕಬ್ಯಾಡ. ರೊಟ್ಟಿ ಹ್ಯಾಂಗೋ ಹಂಗ. ತಾನಾಗೇ ಬಿಡ್ತದ.”

ಕಸಾಯಿಯ ಹತ್ತಿರ ಇನ್ನೊಂದು ಸಣ್ಣ ತುಂಡು ತಂದು ಅಭ್ಯಾಸ ಮಾಡಿದೆ. ಉಪ್ಪು, ಮೆಣಸು, ಬೇರೇನೂ ಇಲ್ಲ. ಸರಿಹೋಯಿತು. ಚೀಸನ್ನು ಮಾತ್ರ ಮುಟ್ಟಲಿಲ್ಲ, ಯಾಕೆಂದರೆ ನಮ್ಮ ಬೇಸಿಗೆಯಲ್ಲಿ ಡಬ್ಬಿ ಒಡೆದರೆ ಅವತ್ತೇ ಮುಗಿಸಬೇಕು.

ಐತವಾರ ಹೊಸ ತುಂಡು ತಂದು ಸಾಹೇಬರನ್ನೇ ಮನೆಗೆ ಕರೆದೆ. ಅವರ ಕ್ವಾರ್ಟರ್ಸು ಹಳಿಗಳ ಆಚೆ. ಅಲ್ಲಿಗೆ ಒಯ್ಯುವಷ್ಟರಲ್ಲಿ ಚೀಸ್ ಗಟ್ಟಿಯಾಗಿ ಬ್ರೆಡ್ಡು ಒದ್ದೆಯಾಗುತ್ತಿತ್ತು. ಚರ್ಚಿನ ಕೋಟಿನಲ್ಲೇ ಬಂದರು. ಅಷ್ಟರಲ್ಲಿ ಮನೆಗೆ ಬಂದಿದ್ದ ಅವರ ಕುರ್ಚಿಯನ್ನೇ ಹಾಕಿದೆ.

“ಈ ಕುರ್ಚಿ ನಂದು,” ಎಂದರು.

“ನಿಮ್ದಾಗಿತ್ರಿ. ಕುಂದ್ರಿ.”

“ವಾಪಸ್ ಎಷ್ಟಕ್ಕ ಮಾರ್ತಿ?”

“ನಿಮಗಂದ್ರ ಸ್ವಲ್ಪ ಹೆಚ್ಚಾಗ್ತದ. ನಿಮ್ಗ ಅದರ ಮ್ಯಾಲ ಮಾಯಾ ಮಮತಾ ಅದಲ್ಲ.”

ಗಂಡ ಬಾಗಿಲ ಹತ್ತಿರ ನಿಂತಿದ್ದರು. ಅತ್ತೆ ಒಳಗಿನ ಕೋಣೆಯಲ್ಲಿ ಪರದೆಯ ಹಿಂದೆ. ತವೆ ಕಾದಿತ್ತು, ಹನಿ ಓಡಿತು. ಮಾಂಸ ಹಾಕಿದೆ, ಮುಟ್ಟಲಿಲ್ಲ, ತಾನಾಗೇ ಬಿಟ್ಟಿತು, ಮಗುಚಿದೆ. ತುರಿದ ಚೀಸ್ ಮೇಲೆ ಹಾಕಿ, ತವೆಯನ್ನು ಒಲೆಯಿಂದ ಕೆಳಗಿಳಿಸಿ, ಅಂಚಿಗೆ ಒಂದು ಚಮಚ ನೀರು ಬಿಟ್ಟು, ಹಿತ್ತಾಳೆ ಬೋಗುಣಿ ಮುಚ್ಚಿದೆ. ತೆಗೆದಾಗ ಚೀಸ್ ಹಳದಿ ಶಾಲು ಹೊದ್ದ ಹಾಗೆ ಕೂತಿತ್ತು. ಆ ತವೆಯನ್ನೇ ಮತ್ತೆ ಒಲೆಗಿಟ್ಟು, ಮಾಂಸದ ರಸದಲ್ಲಿ ಬ್ರೆಡ್ಡಿನ ಒಂದು ಮಗ್ಗುಲು ಸುಟ್ಟೆ. ನಾಯಿ ಹೊಡೆಯುವ ಬ್ರೆಡ್ಡೂ ಮೆತ್ತಗಾಯಿತು.

ಸಾಹೇಬರು ಅರ್ಧ ತಿಂದರು. ಪರದೆಯ ಹಿಂದಿನಿಂದ, “ಉಪ್ಪು ಕಮ್ಮಿ ಆಗ್ಯಾದೇನು ಕೇಳು,” ಎಂಬ ದನಿ ಬಂತು.

“ಉಪ್ಪು ಸರಿ ಅದ,” ಎಂದರು ಸಾಹೇಬರು. “ಆದ್ರ ಇದು ಅಕಿ ಮಾಡ್ದಂಗಿಲ್ಲ.”

ನಾನು ಬೋಗುಣಿ ಕೆಳಗಿಟ್ಟೆ. “ಏನ್ ಕಮ್ಮಿ ಅದರಿ?”

“ಕಮ್ಮಿ ಏನಿಲ್ಲ. ಅಕೀದು ಒಂದ್ ಮಗ್ಗಲ ಹೊತ್ತತಿತ್ತು. ಆ ಒಲಿ ಎಡಕ್ಕ ಭಾಳ ಕಾಯ್ತದ. ಪ್ರತಿ ಐತವಾರ ಹೊತ್ತತಿತ್ತು. ನಾ ಅಕೀಗಿ ಬೈತಿದ್ದೆ, ಅಕಿ ಒಲೀಗಿ ಬೈತಿದ್ಲು.”

“ಛಲೋ ಮಾಡೀನಂತ ನಾ ಸೋಲ್ಬೇಕೇನ್ರಿ? ಇದ್ಯಾವ ನ್ಯಾಯ? ತಡೀರಿ, ಇನ್ನೊಂದು ಹೊತ್ತಿಸಿ ಕೊಡ್ತೀನಿ.”

ಹೊತ್ತಿಸಿದೆ. ಅತ್ತೆಯ ತವೆಯ ಮೇಲೆ, ಬೇಕೆಂದೇ, ಎಡಗಡೆಯನ್ನು. ಪರದೆಯ ಹಿಂದೆ ಒಂದು ನಿಟ್ಟುಸಿರು ಕೇಳಿಸಿತು. ಸಾಹೇಬರು ಒಂದು ತುತ್ತು ಕಚ್ಚಿ ಕೆಳಗಿಟ್ಟರು.

“ಇದೂ ಅಲ್ಲ. ಇದು ನೀ ಹೊತ್ತಿಸಿದ್ದು. ಅದು ತಾನ ಹೊತ್ತತಿತ್ತು.”

ನನ್ನ ಒಲೆ ಗೋಣಿ ಸುತ್ತಿಕೊಂಡು ಬೆಂಗಳೂರಿಗೆ ಹೊರಟದ್ದು ಕಣ್ಣಿಗೆ ಕಂಡಿತು. ಕೂಲಿ ಬೇರೆ ನನ್ನದು. ಮಾಲು ಕೈ ಬಿಡುವ ಹೊತ್ತಿನಲ್ಲಿ ಮಾತಾಡಿದವನು ಮಾಲನ್ನೂ ಕಳೆದುಕೊಳ್ಳುತ್ತಾನೆ, ಮರ್ಯಾದೆಯನ್ನೂ. ಸುಮ್ಮನೆ ಬ್ರೆಡ್ಡಿನ ಪುಡಿ ಬಳಿದೆ.

ಸಾಹೇಬರ ಕೈ ಹೊತ್ತದ್ದನ್ನು ಬಿಟ್ಟು ಮೊದಲಿನ ಅರ್ಧದ ಕಡೆಗೆ ಹೋಯಿತು. ನಿಧಾನವಾಗಿ ಅದನ್ನು ಮುಗಿಸಿದರು. ಬೆರಳು ನೆಕ್ಕಿದರು, ಚರ್ಚಿನ ಕೋಟಿನಲ್ಲಿದ್ದೇನೆ ಎಂಬುದು ನೆನಪಾಗಿ ಕರವಸ್ತ್ರ ತೆಗೆದರು.

“ಒಲಿ ಒಯ್ದ್ರೂ ಆಗಂಗಿಲ್ಲ ಅಲ್ಲೇನು?” ಎಂದು ಕೇಳಿದರು. ನನ್ನನ್ನಲ್ಲ, ತವೆಯನ್ನು ನೋಡುತ್ತ.

“ಆಗಂಗಿಲ್ರಿ ಸಾಬ್.”

“ಮಗಳು ಎಲ್ಲಾ ಲೆಕ್ಕ ಮಾಡಿ ಮಾಡ್ತಾಳ. ಅಕಿ ಕೈಯಾಗ ಏನೂ ಹೊತ್ತಂಗಿಲ್ಲ.” ಕರವಸ್ತ್ರ ಮಡಚಿ ಕಿಸೆಗಿಟ್ಟು, “ತಗೊಂಡ್ ಹೋಗು. ನೀನಾದ್ರ ಹಚ್ತಿ,” ಎಂದರು.

ಆಗ ಗಂಡನ ಮುಖದಲ್ಲಿ ಬಂದ ನಗು ನನ್ನ ಮುಂದಿನ ಮಾತಿಗೆ ಮಾಯವಾಯಿತು.

“ಭಾಳ ಉಪಕಾರ ಆಯ್ತು ಸಾಬ್. ಬೆಲಿ ಮಾತಾಡೋಣ. ಎಡಕ್ಕ ಹೆಚ್ಚಿಗಿ ಕಾಯೋ ಒಲಿ ಅಂತ ಈಗ ನೀವೇ ಹೇಳೀರಿ. ದೋಷ ಇರೋ ಮಾಲು. ಇಳಸ್ಬೇಕು.”

ಸಾಹೇಬರು ನನ್ನನ್ನು ದಿಟ್ಟಿಸಿದರು. ಆಮೇಲೆ ಕೆಮ್ಮು ಬರುವಷ್ಟು ನಕ್ಕರು. “ರೈಲ್ವೆದವ್ರು ಇಂಜಿನ್ ಕೊಳ್ಳಾಕ ನಿನ್ನ ಕಳಸ್ಬೇಕಿತ್ತು,” ಎಂದರು. ಬೆಲೆ ಇಳಿಯಿತು. ಬದಲಿಗೆ ಅವರದೊಂದು ಶರತ್ತು: ಊರು ಬಿಡುವ ದಿನ ಆ ಒಲೆಯ ಬ್ರೆಡ್ಡು ದಾರಿಗೆ ಕಟ್ಟಿಕೊಡಬೇಕು.

ಹಳಿ ರಿಪೇರಿಯ ಗ್ಯಾಂಗಿನವರು ಒಲೆಯನ್ನು ಹಾರೆ ಹಾಕಿ ಎಬ್ಬಿಸಿ, ತಳ್ಳುಗಾಡಿಯ ಮೇಲೇರಿಸಿ, ಹಳಿ ದಾಟಿಸಿ ತಂದರು. ಸಾಹೇಬರು ಹೊರಡುವ ದಿನದ ಬ್ರೆಡ್ಡು ಆ ಒಲೆಯಲ್ಲಿ ನಾನು ಸುಟ್ಟ ಮೊದಲ ಘಾಣಿಯಾದ್ದರಿಂದ ಎಡಗಡೆ ಕರ್ರಗೆ ಹೊತ್ತಿತ್ತು. ಬೇರೆಯದನ್ನು ಕೊಡುತ್ತೇನೆಂದೆ. ಅವರು ಅದನ್ನೇ ತಿರುಗಿಸಿ ನೋಡಿ, ಮೂಸಿ, ಕಾಗದದಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕದೆ ಕಂಕುಳಲ್ಲಿ ಇಟ್ಟುಕೊಂಡು ಗಾಡಿ ಹತ್ತಿದರು. ನಾನು ಬುಟ್ಟಿಯನ್ನು ಅಟ್ಟಕ್ಕೆ ಹಾಕಿದೆ.

ಈಗ ನೀವು ಮನೆಯಲ್ಲಿ ಮಾಡುವುದಾದರೆ ಕೇಳಿ. ಮಾಂಸವನ್ನು ಅಡ್ಡ ಎಳೆಗೆ ಕೊಯ್ಯಿಸಿ. ಉದ್ದ ಎಳೆಗೆ ಕೊಯ್ದರೆ ಜಗಿಯುವವರು ನಿಮ್ಮನ್ನೇ ಜಗಿಯುತ್ತಾರೆ. ಒಲೆಗೆ ಹಾಕುವ ಮೊದಲು ಬಟ್ಟೆಯಿಂದ ಒರೆಸಿ, ಒದ್ದೆ ಮಾಂಸ ಬೇಯುತ್ತದೆ, ಸುಡುವುದಿಲ್ಲ. ತವೆ ದಪ್ಪದ್ದಿರಲಿ, ಹಳೆಯದಿರಲಿ. ನಿಮ್ಮ ಹತ್ತಿರ ಇಲ್ಲದಿದ್ದರೆ ಅತ್ತೆಯ ಹತ್ತಿರ ಇರುತ್ತದೆ, ಒಂದೆರಡು ದಿನ ಒಳ್ಳೆಯ ಮಾತಾಡಿ ನೋಡಿ. ಇಳಿಸಿದ ತುಂಡನ್ನು ತಕ್ಷಣ ಕೊಯ್ಯಬೇಡಿ, ರಸ ಒಳಗೆ ಕೂರಲಿ. ಚೀಸನ್ನು ಉರಿಯ ಮೇಲೆ ಕರಗಿಸಬೇಡಿ. ಹಾಗೆ ಮಾಡಿದರೆ ಎಣ್ಣೆ ಬೇರೆ, ರಬ್ಬರು ಬೇರೆ ಆಗುತ್ತದೆ. ಕೆಳಗಿಳಿಸಿ, ಮುಚ್ಚಿ, ಆವಿಗೆ ಬಿಡಿ. ಬ್ರೆಡ್ಡು ಒಂದು ದಿನ ಹಳೆಯದಾದರೆ ಒಳ್ಳೆಯದು, ಅಂಗಡಿಯವನು ಹಳೆಯದಕ್ಕೆ ಬೆಲೆಯನ್ನೂ ಇಳಿಸುತ್ತಾನೆ. ತಿನ್ನುವವರನ್ನು ಮೊದಲು ಕೂರಿಸಿ, ಆಮೇಲೆ ತವೆ ಇಡಿ. ಇದು ಕಾಯುವ ತಿಂಡಿಯಲ್ಲ. ಚೀಸ್ ಉಳಿದರೆ ಪಕ್ಕದ ಮನೆಯವರನ್ನೂ ಕರೆಯಿರಿ, ಆದರೆ ಅವರಿಗೆ ಏನಾದರೂ ಮಾರುವುದಿದ್ದರೆ ತಟ್ಟೆ ಖಾಲಿಯಾಗುವವರೆಗೆ ಅದರ ಸುದ್ದಿ ತೆಗೆಯಬೇಡಿ.